ಪದ್ಯದ ಮಧ್ಯೆ ಶಿಳ್ಳೆ ಹೊಡೆಯಬಹುದಾ? ನಿಮ್ಮೂರಲ್ಲಿ ಜನ ಮೆಚ್ಚುಗೆ ಹೇಗೆ ತೋರಿಸುತ್ತಾರೆ?

ಗದ್ದೆಬಯಲು (ಕುಂದಾಪುರ)

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಹತ್ತು ದಿನದಿಂದ ತಲೆಯಲ್ಲಿ ಕೂತಿದೆ. ಇಲ್ಲಿ ಹೇಳಿಕೊಳ್ಳೋಣ ಅನ್ನಿಸಿತು.

ನಮ್ಮ ಮನೆ ಎದುರಿನ ಗದ್ದೆಯಲ್ಲಿ ಯಕ್ಷಗಾನದ ಹರಕೆ ಆಟ ಇತ್ತು. ಅಭಿಮನ್ಯು ಕಾಳಗ. ಅಭಿಮನ್ಯು ಮಾಡಿದ ಹುಡುಗನಿಗೆ ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬಹುದು. ಬಂದವನೇ ಮಂಡಿ (ಮಂಡಿಯೂರಿ ಗಿರಗಿರ ಸುತ್ತುವುದು) ತಿರುಗಲು ಶುರು ಮಾಡಿದ. ಜನ ಎಣಿಸಿದರು. ನಲವತ್ತು ದಾಟಿದಾಗ ಗದ್ದೆ ತುಂಬ ಶಿಳ್ಳೆ. ಅದಕ್ಕೆ ನನ್ನದೇನೂ ತಕರಾರಿಲ್ಲ. ಚಂಡೆ ಜೋರಾಗಿ ಬೀಳುತ್ತಿರುವಾಗ ಶಿಳ್ಳೆ ಬಿದ್ದರೆ ಯಾರಿಗೂ ಏನೂ ನಷ್ಟವಿಲ್ಲ.

ಆಮೇಲೆ ಚಕ್ರವ್ಯೂಹದೊಳಗೆ ಆಯುಧವೆಲ್ಲ ಕಳೆದುಕೊಂಡು ಒಬ್ಬನೇ ನಿಂತ. ಚಂಡೆ ನಿಂತಿತು. ಹಾಡುವ ಭಾಗವತರು ಬರೀ ಮದ್ದಳೆ ಇಟ್ಟುಕೊಂಡು ಪದ್ಯ ಎತ್ತಿದರು. ನನ್ನ ಪಕ್ಕ ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಒಂದು ಶಿಳ್ಳೆ. ಅದರ ಬೆನ್ನಿಗೆ ಇನ್ನೊಂದು. ಹತ್ತು ಹದಿನೈದು ಮೊಬೈಲ್ ಟಾರ್ಚ್ ಹೊತ್ತಿಕೊಂಡವು. ಹುಡುಗ ಒಂದು ಕ್ಷಣ ಆ ಕಡೆ ನೋಡಿ ಮುಗುಳ್ನಕ್ಕ. ಅಮ್ಮ ಸೆರಗು ಕೆಳಗೆ ಬಿಟ್ಟರು. "ಇನ್ನು ಮನೆಗೆ ಹೋಪ" ಅಂದರು. ಇಡೀ ರಾತ್ರಿ ಕೂರುವ ಅಮ್ಮ ಹನ್ನೊಂದೂವರೆಗೆ ಎದ್ದರು.

ಆ ಹುಡುಗರು ಕೆಟ್ಟವರಲ್ಲ. ಮೆಚ್ಚಿಯೇ ಶಿಳ್ಳೆ ಹೊಡೆದರು. ಅದಕ್ಕೇ ಕೇಳುತ್ತಿದ್ದೇನೆ. ಮೆಚ್ಚುಗೆ ತೋರಿಸುವುದಕ್ಕೂ ಒಂದು ಹೊತ್ತು ಅಂತ ಇರಬೇಕಲ್ವಾ? ನಿಮ್ಮ ಕಡೆ ಹೇಗೆ?

ತುರುವೇಕೆರೆ ತೆಂಗು

ಅಣ್ಣಾ, ನಿಮ್ಮಲ್ಲಿ ಶಿಳ್ಳೆ. ನಮ್ಮಲ್ಲಿ ನಾಟಕವೇ ನಿಂತುಬಿಡುತ್ತದೆ.

ನಮ್ಮ ಕಡೆ ಹಬ್ಬಕ್ಕೆ, ಜಾತ್ರೆಗೆ ಊರಿನವರೇ ಸೇರಿ ಕುರುಕ್ಷೇತ್ರ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಎರಡು ಮೂರು ತಿಂಗಳು ಕಲಿಸುತ್ತಾರೆ. ಪಾತ್ರ ಮಾಡುವವರೇ ದುಡ್ಡು ಹಾಕಬೇಕು. ದುರ್ಯೋಧನನ ಪಾತ್ರಕ್ಕೆ ಜಾಸ್ತಿ, ಸೈನಿಕನಿಗೆ ಕಡಿಮೆ. ಸೀನರಿ, ಡ್ರೆಸ್ಸು, ಹೊರಗಿನಿಂದ ಬರುವ ಸ್ತ್ರೀ ಪಾತ್ರದವರ ಸಂಭಾವನೆ ಎಲ್ಲ ಅದರಲ್ಲೇ ಹೋಗಬೇಕು. ಹಾಗಾಗಿ ಆ ರಾತ್ರಿ ಅವನ ಬದುಕಿನ ದೊಡ್ಡ ರಾತ್ರಿ. ನೆಂಟರೆಲ್ಲ ಬಂದಿರುತ್ತಾರೆ.

ದುರ್ಯೋಧನ ಬಂದು ಒಂದು ಕಂದ ಪದ್ಯ ಹಾಡಿದ ಕೂಡಲೇ ಪರದೆ ಪಕ್ಕದಿಂದ ಮೈಕಿನಲ್ಲಿ ಹೆಸರು ಕೂಗುತ್ತಾರೆ. ಭಾವಮೈದ ಬಂದು ಹಾರ ಹಾಕುತ್ತಾನೆ. ಸೋದರಮಾವ ಬಂದು ನೋಟಿನ ಹಾರ ಹಾಕುತ್ತಾನೆ. ಮಗಳು ಬಂದು ಶಾಲು ಹೊದಿಸುತ್ತಾಳೆ. ಹೊರಗೆ ಪಟಾಕಿ. ಅಷ್ಟು ಹೊತ್ತೂ ಭೀಮ ಗದೆ ಹಿಡಿದುಕೊಂಡು ಸುಮ್ನೆ ನಿಂತಿರುತ್ತಾನೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ನಮ್ಮಪ್ಪ ಶಕುನಿ ಮಾಡಿದ ವರ್ಷ ನಾನೇ ವೇದಿಕೆ ಹತ್ತಿ ಹಾರ ಹಾಕಿದ್ದೆ. ಮೂವತ್ತು ವರ್ಷ ಹೊಲದಲ್ಲಿ ದುಡಿದ ಮನುಷ್ಯ. ಅವರಿಗೆ ಯಾರೂ ಒಂದು ದಿನ ಹಾರ ಹಾಕಿದವರಿಲ್ಲ. ಹಾರ ಹಾಕುವಾಗ ಬಣ್ಣ ಹಚ್ಚಿದ ಮುಖದಲ್ಲಿ ಅವರ ಕೆಳತುಟಿ ನಡುಗುತ್ತಿತ್ತು. ಅದನ್ನು ತಪ್ಪು ಅಂತ ನಾನು ಹೇಳಲಾರೆ.

ನಮ್ಮ ಪಕ್ಕದ ಗುಬ್ಬಿಯ ವೀರಣ್ಣನವರ ಕಂಪನಿ 1934ರಲ್ಲಿ ಇದೇ ಕುರುಕ್ಷೇತ್ರಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಆ ಕಂಪನಿ ನಾಟಕಗಳ ಕಾಲದಲ್ಲಿ ಹಾಡು ಹಿಡಿಸಿದರೆ ಜನ 'ವನ್ಸ್ ಮೋರ್' ಅಂತ ಕೂಗುತ್ತಿದ್ದರು. ನಟ ಮತ್ತೆ ಹಾಡಲೇಬೇಕು. ಸತ್ತ ಪಾತ್ರ ಎದ್ದು ಕೂತು ಹಾಡಿ ಮತ್ತೆ ಮಲಗಿದ ಕಥೆಯನ್ನು ನಮ್ಮಜ್ಜ ಹೇಳುತ್ತಿದ್ದರು. ಹಾಗಾಗಿ ಮಧ್ಯೆ ಬಾಯಿ ಹಾಕುವುದು ನಮ್ಮ ಜನಕ್ಕೆ ಹೊಸದಲ್ಲ.

ಪೇಡೆನಗರಿ

ನಾನು ಧಾರವಾಡದವ. ನಮ್ಮ ಕಡೆ ಹಳ್ಳಿ ನಾಟಕದಲ್ಲಿ ಇದಕ್ಕೆ ಆಯೇರಿ ಅಂತೀವಿ. ಮೈಕಿನಲ್ಲಿ "ಇಂಥವರಿಂದ ನೂರಾ ಒಂದು ರೂಪಾಯಿ" ಅಂತ ಕೂಗಿ ಪಾತ್ರಧಾರಿಯ ಎದೆಗೆ ನೋಟು ಪಿನ್ ಮಾಡುವುದು.

ಆದರೆ ನಾನು ಸಂಗೀತದ ಬಗ್ಗೆ ಹೇಳಬೇಕು. ನಮ್ಮ ಅಜ್ಜಿ ನನ್ನನ್ನು ಚಿಕ್ಕವನಿದ್ದಾಗ ಕುಂದಗೋಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇಬ್ಬರೂ ಅವರ ಹತ್ತಿರ ಕಲಿತವರು. ಅಲ್ಲಿ ಜಮಖಾನದ ಮೇಲೆ ರಾತ್ರಿಯಿಡೀ ಕೂರಬೇಕು. ನನಗೆ ಆಗ ಸಂಗೀತ ಒಂದಿಷ್ಟೂ ತಿಳಿಯುತ್ತಿರಲಿಲ್ಲ. ನಾನು ಜನರನ್ನು ನೋಡುತ್ತಿದ್ದೆ. ಗಾಯಕ ತಾನ್ (ಸ್ವರಗಳ ವೇಗದ ಓಟ) ತೆಗೆದುಕೊಂಡು ಎಲ್ಲೆಲ್ಲೋ ಸುತ್ತಿ ಬರುವಾಗ ಎಲ್ಲರ ಮೈ ಸ್ವಲ್ಪ ಮುಂದೆ ಬಾಗುತ್ತಿತ್ತು. ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂತ ಕ್ಷಣ ಎಲ್ಲರ ಕೈ ಒಟ್ಟಿಗೆ ಕೆಳಗೆ ಬೀಳುತ್ತಿತ್ತು, ಬಾಯಲ್ಲಿ ಒಂದು "ಆಹಾ". ಯಾರೂ ಹೇಳಿಕೊಟ್ಟಿದ್ದಲ್ಲ. ಆ ಕೈ ನೋಡಿಯೇ ನನಗೆ ಸಮ್ ಎಲ್ಲಿದೆ ಅಂತ ಗೊತ್ತಾಗಿದ್ದು. ಅಂದರೆ ಪಕ್ಕದವರು ಮೆಚ್ಚಿಕೊಂಡ ರೀತಿಯೇ ನನಗೆ ಪಾಠ ಆಯಿತು.

ಹಾಗಾಗಿ ಗದ್ದೆಬಯಲು ಅವರೇ, ಹಿಂದೂಸ್ತಾನಿಯಲ್ಲಿ ಮಧ್ಯೆ ಮೆಚ್ಚುವುದು ತಪ್ಪೇ ಅಲ್ಲ. ಮೆಚ್ಚದೆ ಸುಮ್ಮನೆ ಕೂತರೆ ಗಾಯಕರಿಗೆ ಬೇಸರ. ಆದರೆ ಸಮ್‌ಗೆ ಮೊದಲೇ 'ವಾಹ್' ಅಂದರೆ ಕೇಳುವವನಿಗೆ ತಾಳ ಗೊತ್ತಿಲ್ಲ ಅಂತ ಅರ್ಥ.

5ನೇ ಕ್ರಾಸ್

1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯವರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಸುವ ರಾಮನವಮಿ ಕಛೇರಿಗಳಿಗೆ ನಾನು ನಲವತ್ತು ವರ್ಷದಿಂದ ಹೋಗುತ್ತಿದ್ದೇನೆ. ಬೇಲಿಯಾಚೆ ನಿಂತು ಕೇಳುವವರೂ ತೊಡೆ ಮೇಲೆ ತಾಳ ಹಾಕುತ್ತಿರುತ್ತಾರೆ. ಅದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಗೊತ್ತಿಲ್ಲ.

ಒಂದು ಬೇಸರ ಮಾತ್ರ ಹೇಳಿಬಿಡುತ್ತೇನೆ. ಮೃದಂಗದವರೇ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ಎದ್ದು ಕಾಫಿಗೆ ಹೋಗುವವರು. ಮೃದಂಗದವರು ಎರಡು ಗಂಟೆ ಇನ್ನೊಬ್ಬರ ಹಾಡಿಗೆ ಒತ್ತಾಸೆಯಾಗಿ ನಿಂತಿರುತ್ತಾರೆ. ಅವರಿಗೆ ಅಂತ ಸಿಗುವುದು ಆ ಹದಿನೈದು ನಿಮಿಷ. ಮುಗಿದ ಮೇಲೆ ವಾಪಸ್ ಬಂದು ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ. ಕೇಳದೇ ಹೊಡೆದ ಚಪ್ಪಾಳೆ ಅದು. ಆಗೆಲ್ಲ ನನಗೆ ಆ ಮೃದಂಗದವರ ಮುಖ ನೋಡಲು ಆಗುವುದಿಲ್ಲ.

ಫಸ್ಟ್_ಶೋ

ಹಿರಿಯರ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ. ನಾನು ಶಿಳ್ಳೆ ಹೊಡೆಯುವ ಪಾರ್ಟಿ.

ಬೆಳಿಗ್ಗೆ ಆರು ಗಂಟೆ ಶೋಗೆ ರಾತ್ರಿಯೆಲ್ಲ ನಿದ್ದೆಗೆಟ್ಟು ಥಿಯೇಟರ್ ಮುಂದೆ ಸ್ಟಾರ್ ಕಟ್ಟಿ, ಹಾರ ಏರಿಸಿ, ಒಳಗೆ ಹೋಗಿ ಹೀರೋ ಮುಖ ಕಾಣುವ ಮೊದಲು ಬರೀ ಅವನ ಶೂ ತೋರಿಸಿದಾಗಲೇ ಕಾಗದದ ಚೂರು ಎರಚುತ್ತೇವೆ. ಪಕ್ಕದವನು ಯಾರೆಂದು ಗೊತ್ತಿರುವುದಿಲ್ಲ, ಅವನ ಹೆಗಲ ಮೇಲೆ ಕೈ ಹಾಕಿರುತ್ತೇನೆ. ವಾರವಿಡೀ ಗ್ಯಾರೇಜಿನಲ್ಲಿ ಬೈಸಿಕೊಳ್ಳುವ ನನಗೆ ಜೋರಾಗಿ ಕೂಗಲು ಇರುವ ಜಾಗ ಅದೊಂದೇ. ಡೈಲಾಗ್ ಕೇಳಿಸುವುದಿಲ್ಲ ನಿಜ. ಡೈಲಾಗ್ ಕೇಳಲು ಸೋಮವಾರ ಇನ್ನೊಮ್ಮೆ ಹೋಗುತ್ತೇನೆ.

ಅಣ್ಣಾವ್ರು ನಮ್ಮನ್ನು 'ಅಭಿಮಾನಿ ದೇವರುಗಳು' ಅಂತ ಕರೆದರು. ನಾನು ಹುಟ್ಟಿ ಬುದ್ಧಿ ಬರುವಷ್ಟರಲ್ಲಿ ಅವರು ಇರಲಿಲ್ಲ. ಆದರೂ ಆ ಮಾತು ನನಗೇ ಹೇಳಿದ್ದು ಅನ್ನಿಸುತ್ತದೆ. ಯಕ್ಷಗಾನದಲ್ಲೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಬಂದರೆ ಪ್ರವೇಶಕ್ಕೇ ಚಪ್ಪಾಳೆ, ಶಿಳ್ಳೆ ಬೀಳುತ್ತಿತ್ತು ಅಂತ ಕೇಳಿದ್ದೇನೆ. 2012ರಲ್ಲಿ ಪದ್ಮಶ್ರೀ ಬಂದವರಿಗೂ ಶಿಳ್ಳೆ ಬಿದ್ದಿದೆ ಅಂದರೆ ಶಿಳ್ಳೆ ಅಷ್ಟೇನೂ ಕೀಳಲ್ಲ ಅಲ್ವಾ?

ಗದಗಿನ ಗಾಳಿ

ತಮ್ಮಾ, ನಿನ್ನ ಶಿಳ್ಳೆಗೆ ನನ್ನದೇನೂ ಅಡ್ಡಿಯಿಲ್ಲ. ಕಟೌಟ್ ವಿಷಯ ಮಾತ್ರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

2024ರ ಜನವರಿ 8. ನಮ್ಮ ಜಿಲ್ಲೆಯ ಸೂರಣಗಿ. ಯಶ್ ಹುಟ್ಟುಹಬ್ಬ ಅಂತ ರಾತ್ರಿ ದೊಡ್ಡ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ಕರೆಂಟ್ ತಂತಿ ತಾಗಿ ಹೋದರು. ಯಶ್ ಬಂದು ಆ ಮನೆಗಳಲ್ಲಿ ಕೂತರು. ಹೀಗೆ ಅಭಿಮಾನ ತೋರಿಸಬೇಡಿ ಅಂತ ಕೇಳಿಕೊಂಡರು. ನನಗೂ ಆ ವಯಸ್ಸಿನ ಮಗ ಇದ್ದಾನೆ. ಅವನ ಗಾಡಿಯ ಹಿಂದೆಯೂ ಒಬ್ಬ ಹೀರೋನ ಸ್ಟಿಕ್ಕರ್ ಇದೆ. ಅವತ್ತಿನಿಂದ ಯಾವ ಹೀರೋ ಹುಟ್ಟುಹಬ್ಬ ಬಂದರೂ ಹಿಂದಿನ ರಾತ್ರಿ ಅವನು ಮನೆಯಲ್ಲಿ ಮಲಗುವವರೆಗೆ ನನಗೆ ನಿದ್ದೆ ಇಲ್ಲ.

ಇನ್ನೊಂದು ಕಡೆಯೂ ಹೇಳಬೇಕು. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ ಕಂಠೀರವ ಸ್ಟೇಡಿಯಂನಲ್ಲಿ ಲಕ್ಷಗಟ್ಟಲೆ ಜನ ಸಾಲಿನಲ್ಲಿ ನಿಂತರು. ನಾನು ಗದಗದಿಂದ ರಾತ್ರಿ ಬಸ್ಸಿಗೆ ಹೋಗಿದ್ದೆ. ಅಷ್ಟು ಜನ, ಎಲ್ಲರ ಕಣ್ಣಲ್ಲೂ ನೀರು, ಆದರೂ ಮುಂದಿನವನನ್ನು ತಳ್ಳಿದವರನ್ನು ನಾನು ಕಾಣಲಿಲ್ಲ. 2006ರಲ್ಲಿ ಅವರ ತಂದೆ ಹೋದಾಗ ಬೆಂಗಳೂರಿನಲ್ಲಿ ಗಲಾಟೆಯಾಗಿ ಜೀವಗಳು ಹೋಗಿದ್ದವು. ಈ ಸಲ ಹಾಗಾಗಬಾರದು ಅಂತ ಸಾಲಿನಲ್ಲಿ ನಿಂತವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ತಂದೆಯಂತೆ ಮಗನೂ ಕಣ್ಣು ಕೊಟ್ಟು ಹೋದರು. ಆ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ಊರೂರಲ್ಲಿ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ನಾನೂ ಬರೆಸಿದೆ, ನನ್ನ ಹೆಂಡತಿಯೂ ಬರೆಸಿದಳು. ಆ ಚೀಟಿ ಈಗಲೂ ದೇವರ ಕೋಣೆಯ ಡಬ್ಬಿಯಲ್ಲಿದೆ.

ಫಸ್ಟ್_ಶೋ

ಅಣ್ಣಾ, ಸೂರಣಗಿ ವಿಷಯ ನಮ್ಮ ಹುಡುಗರಿಗೆಲ್ಲ ಗೊತ್ತು. ನಾವೀಗ ಎತ್ತರದ ಕಟೌಟ್ ಕಟ್ಟುವುದಿಲ್ಲ. ನೆಲದ ಮೇಲೆ ನಿಲ್ಲುವ ಫ್ಲೆಕ್ಸ್ ಅಷ್ಟೇ. ಹಾಲು ಸುರಿಯುವುದನ್ನೂ ಬಿಟ್ಟಿದ್ದೇವೆ. ನೇತ್ರದಾನದ ಫಾರಂ ನಾನೂ ತುಂಬುತ್ತೇನೆ.

ಮೆಟ್ರೋ ಲಾಸ್ಟ್ ಟ್ರೈನ್

ನಾನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿತು. ಐಪಿಎಲ್‌ನ ಹದಿನೆಂಟನೇ ಸೀಸನ್‌ನಲ್ಲಿ ಮೊದಲ ಕಪ್. 'ಈ ಸಲ ಕಪ್ ನಮ್ದೇ' ಅಂತ ವರ್ಷ ವರ್ಷ ಹೇಳಿ ನಗೆಪಾಟಲಾಗಿದ್ದವರು ನಾವು. ಆ ರಾತ್ರಿ ನಮ್ಮ ಬೀದಿಯಲ್ಲಿ ಪರಿಚಯವೇ ಇಲ್ಲದ ಅಜ್ಜ ಒಬ್ಬರು ನನ್ನ ಬಾಯಿಗೆ ಮೈಸೂರು ಪಾಕ್ ಹಾಕಿದರು. ಮರುದಿನ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಚಿನ್ನಸ್ವಾಮಿ ಕಡೆ ಹೊರಟೆ. ಎಂ.ಜಿ. ರೋಡಿನಲ್ಲಿ ಇಳಿದು ನಡೆದೆ. ಮೊದಲ ಹತ್ತು ನಿಮಿಷ ಹಬ್ಬ. ಆಮೇಲೆ ನಾನು ನಡೆಯುತ್ತಿರಲಿಲ್ಲ, ಜನ ನನ್ನನ್ನು ನಡೆಸುತ್ತಿದ್ದರು. ಕೈ ಎತ್ತಿದವನಿಗೆ ಇಳಿಸಲು ಜಾಗವಿಲ್ಲ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಅಂತ ಗೊತ್ತಿಲ್ಲ, ಅವರು "ಆರ್‌ಸಿಬಿ, ಆರ್‌ಸಿಬಿ" ಅಂತ ಕೂಗುತ್ತಲೇ ಇದ್ದರು. ಒಂದು ಹುಡುಗಿ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡು "ಅಣ್ಣಾ, ಬಿಡಬೇಡಿ" ಅಂದಳು. ಇಬ್ಬರೂ ಹೇಗೋ ಒಂದು ಕಾಂಪೌಂಡ್ ಗೋಡೆಗೆ ಬಂದು ಒರಗಿದೆವು. ನನ್ನ ಒಂದು ಚಪ್ಪಲಿ ಅಲ್ಲೇ ಹೋಯಿತು.

ಅವತ್ತು 11 ಜನ ಹೋದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು.

ಜೋರು ಕೂಗಿನಲ್ಲಿ ಸಹಾಯಕ್ಕೆ ಕೂಗಿದ್ದು ಯಾವುದು, ಖುಷಿಗೆ ಕೂಗಿದ್ದು ಯಾವುದು ಅಂತ ತಿಳಿಯುವುದೇ ಇಲ್ಲ. ನಾನು ಅದನ್ನು ಕಿವಿಯಾರೆ ಕೇಳಿದ್ದೇನೆ. ಆ ದಿನದಿಂದ ಜನ ಸೇರಿದ ಕಡೆ ಹೋದರೆ ಮೊದಲು ಹೊರಗೆ ಹೋಗುವ ದಾರಿ ನೋಡಿಕೊಳ್ಳುತ್ತೇನೆ. ಈಗಲೂ ಆರ್‌ಸಿಬಿ ನನ್ನ ತಂಡವೇ. ಮ್ಯಾಚ್ ಮಾತ್ರ ಮನೆಯಲ್ಲಿ ನೋಡುತ್ತೇನೆ.

5ನೇ ಕ್ರಾಸ್

ಮಗು, ಬರೆದದ್ದು ಒಳ್ಳೆಯದಾಯಿತು. ಆ ಹುಡುಗಿ ಕ್ಷೇಮವಾಗಿ ಮನೆ ಸೇರಿದಳಾ?

ಮೆಟ್ರೋ ಲಾಸ್ಟ್ ಟ್ರೈನ್

ಸೇರಿದಳು ಸರ್. ಅವಳ ಅಮ್ಮನಿಗೆ ನನ್ನ ಫೋನಿನಿಂದಲೇ ಮಾತಾಡಿಸಿದೆ.

ಹಳೇ ರೇಡಿಯೋ

ಕ್ರಿಕೆಟ್ ವಿಷಯ ಬಂದಿದ್ದರಿಂದ ಚೆನ್ನೈ ನೆನಪಾಯಿತು. 1999ರ ಜನವರಿ 31, ಚೆಪಾಕ್. ಪಾಕಿಸ್ತಾನದ ಎದುರು ಟೆಸ್ಟ್. ನಮ್ಮ ವೆಂಕಟೇಶ್ ಪ್ರಸಾದ್ ಎರಡನೇ ಇನಿಂಗ್ಸಿನಲ್ಲಿ 33 ರನ್ನಿಗೆ 6 ವಿಕೆಟ್ ತೆಗೆದಿದ್ದರು. ಸಚಿನ್ ಬೆನ್ನುನೋವಿನಲ್ಲೇ 136 ಹೊಡೆದು ಔಟಾದರು. ಆಮೇಲೆ ಉಳಿದವರಲ್ಲಿ ನಮ್ಮ ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥ್ ಇದ್ದರು. ಎಲ್ಲ ಹೋಗಿ 12 ರನ್ನಿನಿಂದ ಸೋತೆವು. ನಾನು ಟ್ರಾನ್ಸಿಸ್ಟರ್ ಹಿಡಿದುಕೊಂಡು ಮಹಡಿಯಲ್ಲಿ ಕೂತಿದ್ದೆ. ಮೊದಲು ಒಂದಷ್ಟು ಹೊತ್ತು ಏನೂ ಸದ್ದಿಲ್ಲ. ರೇಡಿಯೋ ಕೆಟ್ಟಿತು ಅಂತ ಒಮ್ಮೆ ತಟ್ಟಿದೆ. ಆಮೇಲೆ ಚಪ್ಪಾಳೆ ಶುರುವಾಯಿತು. ಇಡೀ ಸ್ಟೇಡಿಯಂ ಎದ್ದು ನಿಂತು ಪಾಕಿಸ್ತಾನದವರಿಗೆ ಚಪ್ಪಾಳೆ ಹೊಡೆಯಿತು. ಅವರು ಮೈದಾನ ಪೂರ್ತಿ ಒಂದು ಸುತ್ತು ಬಂದರು.

ಸೋತವರು ಹೊಡೆದ ಚಪ್ಪಾಳೆ ಅದು. ನನಗೆ ಈಗ ಎಪ್ಪತ್ತಾಯಿತು. ಅಂಥ ಚಪ್ಪಾಳೆ ಮತ್ತೆ ಕೇಳಿಲ್ಲ.

ಲ್ಯಾಬ್ ಕೋಟು

ಚಪ್ಪಾಳೆಯ ಬಗ್ಗೆ ಒಂದು ಸಣ್ಣ ವಿಷಯ, ವಿಜ್ಞಾನದ ಕಡೆಯಿಂದ. ರೊಮೇನಿಯಾ, ಹಂಗೇರಿಯ ಥಿಯೇಟರ್‌ಗಳಲ್ಲಿ ಮೈಕ್ ಇಟ್ಟು ಚಪ್ಪಾಳೆ ಅಳೆದಿದ್ದರು. 2000ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಜನ ಮೊದಲು ಅವರವರ ಪಾಡಿಗೆ ಬೇಗ ಬೇಗ ಹೊಡೆಯುತ್ತಾರೆ. ಆಮೇಲೆ ಎಲ್ಲರ ಕೈ ಒಂದೇ ತಾಳಕ್ಕೆ ಬರುತ್ತದೆ. ಆದರೆ ಹಾಗೆ ಒಂದಾಗಬೇಕಾದರೆ ಪ್ರತಿಯೊಬ್ಬರೂ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬೇಕು. ಇನ್ನೂ ಜೋರು ಮಾಡೋಣ ಅಂತ ವೇಗ ಹೆಚ್ಚಿಸಿದರೆ ತಾಳ ಒಡೆದುಹೋಗುತ್ತದೆ. ಪೇಡೆನಗರಿ ಸರ್ ಹೇಳಿದ ಸಮ್ ಓದಿದಾಗ ಇದು ನೆನಪಾಯಿತು.

ಮಾತಿಲ್ಲದ ಮನೆ

ನಾನು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ನಮ್ಮ ವಾರ್ಷಿಕೋತ್ಸವಕ್ಕೆ ಬಂದವರು ಮೊದಲು ಚಪ್ಪಾಳೆ ಹೊಡೆಯುತ್ತಾರೆ. ಮಕ್ಕಳಿಗೆ ಅದು ಕೇಳಿಸುವುದಿಲ್ಲ. ಹಾಗಾಗಿ ಕಾರ್ಯಕ್ರಮಕ್ಕೆ ಮುಂಚೆ ನಾನೇ ಮೈಕಿನಲ್ಲಿ ಹೇಳಿಕೊಡುತ್ತೇನೆ. ಎರಡೂ ಕೈ ತಲೆಗಿಂತ ಮೇಲೆ ಎತ್ತಿ, ಬೆರಳು ಬಿಡಿಸಿ, ಅಂಗೈ ಅಲ್ಲಾಡಿಸಬೇಕು. ಕಳೆದ ವರ್ಷ ನಾಲ್ಕನೇ ಕ್ಲಾಸಿನ ಹುಡುಗಿ ಕಂಸಾಳೆ ಕುಣಿದಳು. ತಾಳ ಕೇಳಿಸದಿದ್ದರೂ ನೆಲದ ಅದುರಿನಲ್ಲಿ ಹಿಡಿಯುತ್ತಾಳೆ. ಮುಗಿದಾಗ ಮುನ್ನೂರು ಜನ ಕೈ ಮೇಲೆತ್ತಿದರು. ಸದ್ದೇ ಇಲ್ಲ. ಅವಳು ಎಡದಿಂದ ಬಲಕ್ಕೆ ಪೂರ್ತಿ ನೋಡಿದಳು, ಯಾರನ್ನೂ ಬಿಡದೆ. ಆಮೇಲೆ ಅವಳೂ ಕೈ ಎತ್ತಿ ವಾಪಸ್ ಅಲ್ಲಾಡಿಸಿದಳು.

ಬಣ್ಣದಚೌಕಿ

ತಡವಾಗಿ ಬಂದಿದ್ದೇನೆ, ಕ್ಷಮಿಸಿ. ನಾನು ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಮೇಳಗಳಲ್ಲಿ ಇಪ್ಪತ್ತಾರು ವರ್ಷ ವೇಷ ಮಾಡಿದವನು. ಈಗ ಬಿಟ್ಟಿದ್ದೇನೆ. ರಂಗಸ್ಥಳದ ಆಚೆ ಕಡೆಯಿಂದ ಹೇಗೆ ಕೇಳಿಸುತ್ತದೆ ಅಂತ ಹೇಳಬೇಕು ಅನ್ನಿಸಿತು.

ಮುಖಕ್ಕೆ ಲೈಟು ಬಿದ್ದಿರುವಾಗ ನಮಗೆ ಜನ ಕಾಣುವುದಿಲ್ಲ. ಮುಂದಿನ ಎರಡು ಸಾಲು ಬಿಟ್ಟರೆ ಬರೀ ಕತ್ತಲೆ. ಹಾಗಾಗಿ ನಾವು ಕಿವಿಯಿಂದಲೇ ಸಭೆ ನೋಡುವುದು. ಶಿಳ್ಳೆ ಬಿದ್ದರೆ ಮೈ ಬಿಸಿಯಾಗುತ್ತದೆ. ಸುಳ್ಳು ಹೇಳುವುದಿಲ್ಲ, ಬೇಕು ಅನ್ನಿಸುತ್ತದೆ. ಹತ್ತು ಮಂಡಿಗೆ ಬಿದ್ದರೆ ಇಪ್ಪತ್ತು ಹಾಕೋಣ ಅನ್ನಿಸುತ್ತದೆ. ನಾನು ಹಾಗೆ ಹಾಕಿ ಹಾಕಿ ನಲವತ್ತೆರಡಕ್ಕೆ ಎರಡೂ ಮಂಡಿ ಹಾಳು ಮಾಡಿಕೊಂಡೆ. ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಜನರ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವರು ಪ್ರೀತಿಯಿಂದ ಎಣಿಸಿದರು, ನಾನು ಆಸೆಯಿಂದ ತಿರುಗಿದೆ. ಆದರೆ ಆ ಇಪ್ಪತ್ತೆರಡರ ಹುಡುಗ ನಲವತ್ತು ದಾಟಿಸಿದ ಅಂತ ಓದಿದಾಗ ನನ್ನ ಮಂಡಿಯೇ ಚಳುಕಿತು.

ಇನ್ನೊಂದು ಸದ್ದಿದೆ. ಬೆಳಗಿನ ಜಾವ ಮೂರು ಗಂಟೆ. ಅಷ್ಟು ಹೊತ್ತಿಗೆ ಸಭೆಯಲ್ಲಿ ಕೆಮ್ಮು, ಮಗುವಿನ ಅಳು, ಕಡಲೆ ಸಿಪ್ಪೆ ಸುಲಿಯುವುದು, ಚಾ ಅಂಗಡಿಯ ಸ್ಟೌವ್, ಎಲ್ಲ ಇದ್ದೇ ಇರುತ್ತದೆ. ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುತ್ತಾ ಹೇಳುತ್ತಾ ಒಂದು ಕ್ಷಣದಲ್ಲಿ ಅವೆಲ್ಲ ನಿಲ್ಲುತ್ತವೆ. ಚಾ ಅಂಗಡಿಯವನೂ ಲೋಟ ತೊಳೆಯುವುದನ್ನು ಬಿಟ್ಟು ನಿಂತಿದ್ದಾನೆ ಅಂತ ಗೊತ್ತಾಗುತ್ತದೆ. ಆಗ ಭಾಗವತರು ನಮ್ಮ ಕಡೆ ನೋಡುವುದೂ ಇಲ್ಲ, ತಾಳ ಮೆಲ್ಲ ಮಾಡುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಆ ಕ್ಷಣ ನನಗೆ ಸಿಕ್ಕಿದ್ದು ಹೆಚ್ಚೆಂದರೆ ಎಂಟೋ ಹತ್ತೋ ಸಲ. ಒಂದೊಂದೂ ಯಾವ ಊರು, ಯಾವ ಪದ್ಯ ಅಂತ ಈಗಲೂ ಹೇಳಬಲ್ಲೆ. ಶಿಳ್ಳೆ ಬಿದ್ದ ರಾತ್ರಿಗಳು ಒಂದೂ ನೆನಪಿಲ್ಲ.

ಒಮ್ಮೆ ಆಟ ಮುಗಿದು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ತೆಗೆಯುತ್ತಿದ್ದೆ. ಒಬ್ಬರು ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲು ಸಂಕೋಚ. ನಾನು ಅವತ್ತು ಮಾಡಿದ್ದು ಅಭಿಮನ್ಯುವೇ. "ಮಗಾ, ಪೆಟ್ಟಾಯ್ತಾ?" ಅಂತ ಕೇಳಿದರು. ಕೈಯಲ್ಲಿ ಒಂದು ಬಾಳೆಹಣ್ಣು ಇಟ್ಟು ಹೋದರು.

ಗದ್ದೆಬಯಲು ಅವರೇ, ಆ ಹುಡುಗನನ್ನು ಬೈಯಬೇಡಿ. ಶಿಳ್ಳೆ ಹೊಡೆದವರನ್ನೂ ಬೈಯಬೇಡಿ. ಆದರೆ ನಿಮ್ಮ ಅಮ್ಮ ಅವನನ್ನು ಹೋಗಿ ನೋಡಲಿ. ಸೆರಗು ಬಾಯಿಗೆ ಒತ್ತಿಕೊಂಡಿದ್ದೆ ಅಂತ ಹೇಳಲಿ. ಲೈಟಿನಲ್ಲಿ ಅವನಿಗೆ ಅದು ಕಂಡಿರುವುದಿಲ್ಲ.

ಫಸ್ಟ್_ಶೋ

ಸರ್, ನಿಮ್ಮ ಮಾತು ನಾಲ್ಕು ಸಲ ಓದಿದೆ. ನಾನು ಈವರೆಗೆ ಒಂದು ಆಟವನ್ನೂ ಪೂರ್ತಿ ನೋಡಿಲ್ಲ. ಮೂರು ಗಂಟೆವರೆಗೆ ಕೂರುವ ಆಟ ಎಲ್ಲಿ ಸಿಗುತ್ತದೆ?

ಗದ್ದೆಬಯಲು (ಕುಂದಾಪುರ)

ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ. ಅಮ್ಮನಿಗೆ ಒಂದೊಂದನ್ನೂ ಓದಿ ಹೇಳಿದೆ. ಶಕುನಿಯ ಮಗ ಹಾರ ಹಾಕಿದ್ದನ್ನು ಎರಡು ಸಲ ಓದಿಸಿದರು. ಬಣ್ಣದಚೌಕಿಯವರು ಬರೆದದ್ದು ಕೇಳಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಮಾಣಿಗೆ ಊಟ ಆಯ್ತೋ ಇಲ್ಲವೋ, ಯಾರೂ ಕೇಳಿರುವುದಿಲ್ಲ" ಅಂದರು.

ಅದೇ ಮೇಳ ಬರುವ ಶನಿವಾರ ನಮ್ಮ ಪಕ್ಕದ ಊರಿಗೆ ಬರುತ್ತದೆ. ಅಮ್ಮ ಹೋಗುತ್ತಾರಂತೆ, ಚೌಕಿಗೂ ಹೋಗುತ್ತಾರಂತೆ. ಹಾಲುಬಾಯಿ (ಅಕ್ಕಿಯ ಸಿಹಿ) ಮಾಡಿಕೊಂಡು ಹೋಗಲು ಅಕ್ಕಿ ನೆನೆಹಾಕುವ ಲೆಕ್ಕಾಚಾರ ಈಗಲೇ ಶುರುವಾಗಿದೆ.

ಫಸ್ಟ್_ಶೋ ತಮ್ಮಾ, ಬಾ. ಬೆಂಗಳೂರಿನಿಂದ ರಾತ್ರಿ ಬಸ್ಸಿದೆ, ಶುಕ್ರವಾರ ಹತ್ತಿದರೆ ಶನಿವಾರ ಬೆಳಿಗ್ಗೆ ಕುಂದಾಪುರ. ನಮ್ಮ ಮನೆಯಲ್ಲೇ ಇರು, ಹಗಲು ನಿದ್ದೆ ಮಾಡಿಕೋ. ರಾತ್ರಿ ಮಂಜು ಬೀಳುತ್ತದೆ, ಕಿವಿಗೆ ಮಫ್ಲರ್ ತಾ. ಚಾಪೆ ನಮ್ಮಲ್ಲಿದೆ.